ಶೀನಣ್ಣನ ಕತ್ತಿ

“ನನ್ನ ಕತ್ತಿ ಎಲ್ಲಿ ಮಾರಾಯ್ರೆ? ಕಾಯಿ ಎಂತದರಲ್ಲಿ ಒಡೆಯುವುದು, ನನ್ನ ತಲೆಯಲ್ಲಾ?”

ಅಶ್ವಿತಾಳ ಅಪ್ಪನ ಹೋಟೆಲಿನ ಅಡುಗೆಮನೆಯಲ್ಲಿ ಶೀನಣ್ಣ ಕೂಗಾಡುತ್ತಿದ್ದ. ಅವನು ಉಡುಪಿಯಿಂದ ಬಂದ ಅಡುಗೆಯವನು. ಕತ್ತಿಯನ್ನೂ ಊರಿನಿಂದಲೇ ತಂದಿದ್ದ. ಅದನ್ನು ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ. ಹೊರಗೆ ಇಡ್ಲಿಗೆ ಕಾದವರ ಗದ್ದಲ ಕೇಳಿದರೆ, ಅರ್ಧ ನಾಸಿಕ್ ಪಟ್ಟಣವೇ ಬಂದು ಕೂತ ಹಾಗಿತ್ತು.

ಮೊದಲ ಕಾಯಿಯ ನೀರು ದಿನಾ ಅಶ್ವಿತಾಳಿಗೆ. ಇವತ್ತು ಅದೂ ಇಲ್ಲ. ಐದನೇ ಕ್ಲಾಸಿನ ಅಶ್ವಿತಾ ಮುಖ ಊದಿಸಿಕೊಂಡು ಹೊರಗೆ ಬಂದಳು. ಒಂಬತ್ತನೇ ಕ್ಲಾಸಿನ ಅಣ್ಣ ಯತಿರಾಜ್ ಆಗಲೇ ಸೈಕಲ್ ಹತ್ತಿದ್ದ.

“ಬೇಗ ಬಾ, ಲೇಟಾಯ್ತು!”

ದಿನಾ ಅವನ ಬ್ಯಾಗು ಹಿಂದೆ ಕೂತ ಅಶ್ವಿತಾಳ ಮಡಿಲಲ್ಲಿ ಇರುತ್ತಿತ್ತು. ಇವತ್ತು ಹ್ಯಾಂಡಲಿನಲ್ಲಿ ನೇತಾಡುತ್ತಿತ್ತು.

“ಬ್ಯಾಗು ಕೊಡು, ಹಿಡ್ಕೊಳ್ತೇನೆ.”

“ಬೇಡ.”

ಸ್ಕೂಲಿನ ಹತ್ತಿರದ ಮೂಲೆಯಲ್ಲಿ ಸೈಕಲ್ ಗುಂಡಿಗೆ ಇಳಿಯಿತು. ಬ್ಯಾಗು ಕಂಬಿಗೆ ಬಡಿದು ಟಣ್ ಎಂದಿತು. ಪುಸ್ತಕ ಟಣ್ ಎನ್ನುವುದಿಲ್ಲ! ಅಶ್ವಿತಾ ಅಣ್ಣನ ಅಂಗಿ ಹಿಡಿದು ಎಳೆದಳು.

“ಅಣ್ಣಾ, ನಿಲ್ಸು! ಶೀನಣ್ಣನ ಕತ್ತಿ ಅಲ್ವಾ ಅದು?”

ಯತಿರಾಜ್ ಸೈಕಲ್ ನಿಲ್ಲಿಸಿದ.

“ಉತ್ಕರ್ಷ್ ತರ್ಲಿಕ್ಕೆ ಹೇಳಿದ. ಸಂಜೆ ಗ್ರೌಂಡಿಗೆ ಇನ್ನೊಂದು ಗ್ರೂಪಿನವರು ಬರ್ತಾರೆ. ಸುಮ್ನೆ ತೋರಿಸ್ಲಿಕ್ಕೆ ಅಷ್ಟೆ.”

“ಅವರೂ ತೋರಿಸ್ಲಿಕ್ಕೆ ತಂದ್ರೆ?”

ಉತ್ಕರ್ಷ್ ಹತ್ತನೇ ಕ್ಲಾಸಿನವನು, ಗ್ರೂಪಿನ ಲೀಡರ್. ಹೋದ ವರ್ಷ ಹುಡುಗರು ಅಣ್ಣನ ತಿಂಡಿ ಡಬ್ಬ ಕಿತ್ತುಕೊಂಡು, ‘ಇಡ್ಲಿ, ಇಡ್ಲಿ’ ಎಂದು ಗೇಲಿ ಮಾಡಿ ಅಳಿಸುತ್ತಿದ್ದಾಗ ಬಿಡಿಸಿದವನು ಅವನೇ. ಅಂದಿನಿಂದ ಅವನು ಹೇಳಿದ್ದಕ್ಕೆಲ್ಲ ಅಣ್ಣನದು ಹೂಂ.

ಅಶ್ವಿತಾ ಇಳಿದು, ಬ್ಯಾಗನ್ನು ಕಿತ್ತು ಎದೆಗೆ ಅವಚಿಕೊಂಡಳು. ಅಷ್ಟರಲ್ಲಿ ಉತ್ಕರ್ಷ್ ಇಬ್ಬರು ಹುಡುಗರ ಜೊತೆ ಬಂದೇಬಿಟ್ಟ.

“ಕಾಯ್ ರೇ, ಕೊಯ್ತಾ ಆಣಲಾಸ್ ಕಾ?” ಕತ್ತಿ ತಂದೆಯಾ ಎಂದು ಮರಾಠಿಯಲ್ಲಿ ಕೇಳಿದ.

ಯತಿರಾಜ್ ತಂಗಿಯನ್ನು ನೋಡಿದ. ಅವಳು ಬ್ಯಾಗು ಬಿಡದೆ ಅವನ ಬೆನ್ನ ಹಿಂದೆ ಸರಿದಿದ್ದಳು.

“ನಾಹಿ,” ಎಂದ. “ನಾನೂ ಬರೋದಿಲ್ಲ.”

“ಹಾಗಾದ್ರೆ ನೀನು ನಮ್ಮ ಗ್ರೂಪಲ್ಲಿ ಇಲ್ಲ. ಯಾರು ಹೊಡೆದ್ರೂ ನನ್ನ ಹತ್ರ ಬರ್ಬೇಡ.” ಉತ್ಕರ್ಷ್ ಸೈಕಲ್ಲಿಗೆ ಒದ್ದು, ಹುಡುಗರನ್ನು ಕರೆದುಕೊಂಡು ಹೊರಟುಹೋದ.

ಬಿದ್ದ ಸೈಕಲ್ ಎತ್ತಿಕೊಂಡು ಇಬ್ಬರೂ ಹೋಟೆಲಿಗೆ ವಾಪಸು ಬಂದರು.

“ಎಲ್ಲಿತ್ತು ಇದು?” ಕತ್ತಿ ಕೈಗೆ ಸಿಕ್ಕಿದ ಕೂಡಲೇ ಶೀನಣ್ಣ ಕೇಳಿದ.

‘ಅಕ್ಕಿ ಮೂಟೆಯ ಹಿಂದೆ’ ಎಂದು ಸುಳ್ಳು ಹೇಳಲು ಅಶ್ವಿತಾ ಬಾಯಿ ತೆರೆದಳು. ಅಷ್ಟರಲ್ಲಿ ಅಣ್ಣ ಹೇಳಿಬಿಟ್ಟ.

“ನಾನು ತಗೊಂಡು ಹೋಗಿದ್ದೆ ಶೀನಣ್ಣ. ಜಗಳಕ್ಕೆ.”

ಶೀನಣ್ಣ ಬೈಯಲಿಲ್ಲ. ಕತ್ತಿಯನ್ನು ತೊಳೆದ, ಎರಡು ಸಲ ತೊಳೆದ. ಕಾಯಿ ಒಡೆದು ನೀರನ್ನು ಲೋಟಕ್ಕೆ ಬಸಿದ.

“ಅಪ್ಪನಿಗೆ ನೀನೇ ಹೇಳ್ಬೇಕು, ಆಯ್ತಾ? ಸಂಜೆ ಸ್ಕೂಲ್ ಬಿಡುವಾಗ ನಾನು ಗೇಟಿನ ಹತ್ರ ಇರ್ತೇನೆ.”

ಅಶ್ವಿತಾ ತನ್ನ ಲೋಟವನ್ನು ಅಣ್ಣನ ಮುಂದೆ ಹಿಡಿದಳು. ಅವನು ಎರಡೂ ಕೈಯಲ್ಲಿ ತೆಗೆದುಕೊಂಡ. ಆದರೂ ನೀರು ತುಳುಕಿ ಯೂನಿಫಾರ್ಮಿನ ಮೇಲೆ ಚೆಲ್ಲಿತು.

ಆ ಮೂಲೆಯಲ್ಲಿ ಉತ್ಕರ್ಷ್ ಎದುರು ಹೆದರಿದ್ದು ತಾನೊಬ್ಬಳೇ ಎಂದು ಇಷ್ಟು ಹೊತ್ತು ಅಂದುಕೊಂಡಿದ್ದಳು ಅಶ್ವಿತಾ. ಅವಳು ಹತ್ತಿರ ಸರಿದು ಲೋಟದ ತಳಕ್ಕೆ ತನ್ನ ಕೈ ಕೊಟ್ಟಳು. ಅಣ್ಣ ನಿಧಾನವಾಗಿ ಕುಡಿದ.