ಬಹುವಚನದ ಸೋಲು

"ನಾನು ನಿಮಗೆ ಸೋತೆ."

ನೆರೆ ದೇಶದ ತಂಡದ ಗೋಲ್‌ಕೀಪರ್ ಹೀಗೆಂದದ್ದು ಹೋಟೆಲಿನ ಲಿಫ್ಟಿನಲ್ಲಿ, ಫೈನಲ್‌ನ ಹಿಂದಿನ ದಿನ. ಹೇಳಿಸಿಕೊಂಡವಳು ಆ ತಂಡದ ಜೊತೆಗಿರಲು ಟೂರ್ನಿಯವರು ನೇಮಿಸಿದ್ದ ದುಭಾಷಿ. ಫೈನಲ್ ಇದ್ದದ್ದು ಅವನ ದೇಶಕ್ಕೂ ಅವಳ ದೇಶಕ್ಕೂ. ಹಾಗೆಂದರೇನು ಎಂದು ಅವಳು ಬಾಯಿ ತೆರೆಯುವಷ್ಟರಲ್ಲಿ ಲಿಫ್ಟ್ ನಿಂತು ಕೋಚ್ ಒಳಗೆ ಬಂದರು. ಗೋಲ್‌ಕೀಪರ್ ಕಿವಿ ಕೆಂಪು ಮಾಡಿಕೊಂಡು ಮಹಡಿಯ ಸಂಖ್ಯೆಗಳನ್ನು ಓದುತ್ತ ನಿಂತ.

ಅವಳಿಗೆ ತಲೆ ಕೆಟ್ಟುಹೋಯಿತು.

ಅವನಿಗೆ ತನ್ನ ಈ ಭಾಷೆ ಕಲಿಸಿದವಳು ಅವಳೇ, ತಂಡದ ಬಸ್ಸಿನಲ್ಲಿ, ಊಟದ ಸಾಲಿನಲ್ಲಿ. ಅವನು ಮೊದಲು ಕಲಿತ ಮಾತು ‘ನಾನೂ’. ಅವಳು ಕಾಫಿ ಕುಡಿಯುತ್ತೇನೆಂದರೆ ‘ನಾನೂ’, ಗಂಟಲು ಕೆಟ್ಟಿದೆ ಎಂದರೆ ಅದಕ್ಕೂ ‘ನಾನೂ’. ಬರೀ ‘ನಾನು’ ಬೇರೆ, ಕೊನೆಯಲ್ಲಿ ಎಳೆದರೆ ‘ನಿಮ್ಮ ಜೊತೆ ನಾನು ಸಹ’ ಎಂದಾಗುತ್ತದೆ ಎಂದು ತಿಳಿಸಿದ ಮೇಲಂತೂ ಅವನು ಎಳೆದದ್ದೇ ಎಳೆದದ್ದು. ಎಳೆಯುವಾಗ ಓರೆಗಣ್ಣಿನಲ್ಲಿ ಅವಳನ್ನೇ ನೋಡುತ್ತಿದ್ದ. ಅವಳು ಕಂಡೂ ಕಾಣದವಳಂತೆ ಕಿಟಕಿಯ ಕಡೆ ತಿರುಗುತ್ತಿದ್ದಳು. ಕಿಟಕಿಯ ಗಾಜಿನಲ್ಲೂ ಅವನೇ ಕಾಣುತ್ತಿದ್ದ, ಅದು ಬೇರೆ ಮಾತು.

‘ಗೆದ್ದೆ’, ‘ಸೋತೆ’ ಎರಡನ್ನೂ ಸ್ಕೋರ್‌ಬೋರ್ಡ್ ತೋರಿಸಿಯೇ ಕಲಿಸಿದ್ದಳು. ಮನಸ್ಸೂ ಸೋಲುತ್ತದೆ ಎಂಬುದನ್ನು ಕಲಿಸಿರಲಿಲ್ಲ. ಆ ಪಾಠಕ್ಕೆ ಅವಳಿಗೆ ಧೈರ್ಯ ಸಾಲದಾಗಿತ್ತು.

ಈಗ ಅವನು ಹೇಳಿದ್ದು ಯಾವ ಸೋಲು? ಪಂದ್ಯ ಬಿಟ್ಟುಕೊಡುವ ಮಾತು ಯಾವ ಆಟಗಾರನ ಬಾಯಲ್ಲಿ ಬಂದರೂ ಟೂರ್ನಿಯ ಅಧಿಕಾರಿಗೆ ತಿಳಿಸಬೇಕೆಂದು ದುಭಾಷಿಗಳಿಗೆ ಮೊದಲೇ ತಾಕೀತು ಮಾಡಿದ್ದರು. ತಿಳಿಸಿದರೆ ಅವನು ನಾಳೆ ಆಡುವುದಿಲ್ಲ, ಬಹುಶಃ ಇನ್ನೆಂದೂ ಆಡುವುದಿಲ್ಲ. ತಿಳಿಸದೆ ಇದ್ದು, ಅವನು ನಿಜಕ್ಕೂ ಪಂದ್ಯ ಮಾರಿಕೊಂಡಿದ್ದರೆ, ಆ ಪಾಪದಲ್ಲಿ ಅವಳಿಗೂ ಪಾಲು.

ಮನೆಗೆ ಹೋಗಿ ಅಕ್ಕನ ಹತ್ತಿರ ಹೇಳಿಕೊಂಡಳು. ಅಕ್ಕನಿಗೆ ಫುಟ್‌ಬಾಲ್ ಗೊತ್ತಿರಲಿಲ್ಲ, ತಂಗಿ ಚೆನ್ನಾಗಿ ಗೊತ್ತಿದ್ದಳು.

"ಸೋತಿದ್ದು ಯಾರಿಗಂತೆ? ನಿಂಗಾ, ನಮ್ಮ ಟೀಮಿಗಾ?" ಒಗೆದ ಬಟ್ಟೆ ಮಡಿಸುತ್ತಲೇ ಅಕ್ಕ ಕೇಳಿದಳು.

"‘ನಿಮಗೆ’ ಅಂದ್ರು."

"ಅದೇ ಬಂದಿರೋ ತಾಪತ್ರಯ. ‘ನಿನಗೆ’ ಅಂದಿದ್ರೆ ಇಷ್ಟೊತ್ತಿಗೆ ನಾನು ಅಮ್ಮನಿಗೆ ಫೋನ್ ಮಾಡಿರ್ತಿದ್ದೆ. ಆ ಮನುಷ್ಯನಿಗೆ ಬಹುವಚನ ಕಲಿಸಿದ್ದು ಯಾರೇ?"

"ನಾನೇ."

ಮರ್ಯಾದೆ ಕಲಿಸಲು ಹೋಗಿ ಮಾಡಿಕೊಂಡ ಪಜೀತಿ ಅದು.

ಮರುದಿನ ಸ್ಟೇಡಿಯಂನಲ್ಲಿ ಅಧಿಕಾರಿಯ ಕೋಣೆಯ ತನಕ ಹೋದಳು. ತಟ್ಟಲು ಎತ್ತಿದ ಕೈಯನ್ನು ಹಾಗೇ ಇಳಿಸಿದಳು. ಮೊದಲು ಅವನನ್ನೇ ಕೇಳುವುದು ನ್ಯಾಯ ಅನ್ನಿಸಿತು. ಆಟಗಾರರು ಮೈದಾನಕ್ಕೆ ಇಳಿಯುವ ಓಣಿಯಲ್ಲಿ ಅವನು ಗ್ಲೌಸ್ ಬಿಗಿದುಕೊಳ್ಳುತ್ತ ನಿಂತಿದ್ದ.

"ನಿನ್ನೆ ಹೇಳಿದ್ದು ನಿಜಾನಾ?"

"ನಿಜ," ಎಂದ. "ತಪ್ಪಾ?"

"ದೊಡ್ಡ ತಪ್ಪು."

ಅವನ ಮುಖ ಸಣ್ಣದಾಯಿತು. ಅಷ್ಟರಲ್ಲಿ ತಂಡ ಹೊರಟಿತು. ಅದು ಸಿಕ್ಕಿಬಿದ್ದವನ ಮುಖವೋ, ಮನಸ್ಸು ಮುರಿದವನ ಮುಖವೋ, ಬೆಂಚಿನ ತುದಿಯಲ್ಲಿ ಕುಳಿತ ಮೇಲೂ ಅವಳಿಗೆ ಬಗೆಹರಿಯಲಿಲ್ಲ.

ಮೊದಲಾರ್ಧದಲ್ಲಿ, ಮಗು ಕೂಡ ಹಿಡಿಯಬಹುದಾಗಿದ್ದ ಚೆಂಡೊಂದು ಅವನ ಕೈಜಾರಿ ಗೋಲಾಯಿತು. ಇಡೀ ಸ್ಟೇಡಿಯಂ ಎದ್ದು ಕುಣಿಯಿತು. ತನ್ನ ದೇಶ ಹೊಡೆದ ಗೋಲಿಗೆ ಕಣ್ಣಲ್ಲಿ ನೀರು ತಂದುಕೊಂಡವಳು ಅವಳೊಬ್ಬಳೇ. ಮಾರಿಯೇಬಿಟ್ಟನಲ್ಲ ಎಂದುಕೊಂಡಳು.

ಆದರೆ ವಿರಾಮದ ನಂತರ ಅವನು ಬೇರೆಯೇ ಆಗಿದ್ದ. ಬಿದ್ದ, ಎದ್ದ, ಮೊಣಕೈ ತರಚಿಕೊಂಡ, ಒಂದನ್ನೂ ಬಿಡಲಿಲ್ಲ. ಅವನ ತಂಡ ಗೋಲು ಹೊಡೆದು ಸಮ ಮಾಡಿತು. ಪಂದ್ಯ ಪೆನಾಲ್ಟಿಗೆ ಹೋಯಿತು. ಕೊನೆಯ ಒದೆತವನ್ನು ಅವನೇ ತಡೆದು ತನ್ನ ದೇಶಕ್ಕೆ ಕಪ್ ಗೆದ್ದುಕೊಟ್ಟ. ಪಂದ್ಯ ಮಾರಿದವನು ಹೀಗೆ ಆಡುತ್ತಾನೆಯೇ? ಹಾಗಾದರೆ ಅವನು ಸೋತದ್ದು ಯಾರಿಗೆ? ಓಣಿಯಲ್ಲಿ ತಾನು ತಪ್ಪು ಎಂದದ್ದು ಯಾವುದನ್ನು?

ಪತ್ರಿಕಾಗೋಷ್ಠಿಯಲ್ಲಿ ಅವನ ಪಕ್ಕ ಅವಳೇ ಕೂರಬೇಕಿತ್ತು. ದುಭಾಷಿಯ ಕಸುಬಿಗೊಂದು ನಿಯಮವಿದೆ. ಮಾತಾಡಿದವರು ‘ನಾನು’ ಎಂದರೆ ಇವಳೂ ‘ನಾನು’ ಎಂದೇ ಹೇಳಬೇಕು, ಒಂದಕ್ಷರ ಕೂಡಿಸಬಾರದು, ಕಳೆಯಬಾರದು. ಅವಳು ಇದುವರೆಗೆ ಆ ನಿಯಮ ಮುರಿದವಳಲ್ಲ.

ಅಷ್ಟು ಸುಲಭದ ಚೆಂಡನ್ನು ಹೇಗೆ ಬಿಟ್ಟಿರಿ ಎಂದು ವರದಿಗಾರನೊಬ್ಬ ಕೇಳಿದ. ಗೋಲ್‌ಕೀಪರ್ ಮೇಜು ನೋಡುತ್ತ ತನ್ನ ಭಾಷೆಯಲ್ಲಿ ಉತ್ತರ ಕೊಟ್ಟ. ಅವಳು ಅದನ್ನು ಒಂದಕ್ಷರ ಬಿಡದೆ ಹೇಳಿದಳು.

"ನಿಮ್ಮ ಭಾಷೇಲಿ ಸೋಲೋದಕ್ಕೆ ಎರಡು ಅರ್ಥ ಇದೆ ಅಂತ ನಮ್ಮ ಬಸ್ ಡ್ರೈವರ್ ಹೇಳಿಕೊಟ್ರು. ನಿನ್ನೆ ನಾನು ಒಬ್ಬರಿಗೆ ಎರಡನೇ ಅರ್ಥದಲ್ಲಿ ‘ಸೋತೆ’ ಅಂದೆ. ಇವತ್ತು ಅವರು ದೊಡ್ಡ ತಪ್ಪು ಅಂದ್ರು. ಆಮೇಲೆ ಬಂದ ಚೆಂಡು ನನಗೆ ಕಾಣಲಿಲ್ಲ."

ಕೋಣೆಯಲ್ಲಿ ನಗೆ ಎದ್ದಿತು. ಕಪ್ ಗೆದ್ದ ಮೇಲೆ ಈಗೇನು ಹೇಳುತ್ತೀರಿ ಎಂದು ಅದೇ ವರದಿಗಾರ ಕೆಣಕಿದ. ಗೋಲ್‌ಕೀಪರ್ ತನ್ನ ಭಾಷೆಯಲ್ಲಿ ಹೇಳಿದ್ದು ‘ನಾನು ಸೋತೆ’ ಎಂದು, ಅಷ್ಟೇ.

ಅವಳು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು.

"ನಾನೂ ಸೋತೆ."

ವರದಿಗಾರರು ಬರೆದುಕೊಂಡು ಮುಂದಿನ ಪ್ರಶ್ನೆ ಯಾರದೆಂದು ಗದ್ದಲ ಮಾಡುತ್ತಿದ್ದರು. ಆ ಎಳೆತ ಕೇಳಿಸಿದ್ದು ಒಬ್ಬನಿಗೆ ಮಾತ್ರ. ಅವನು ತಲೆಯೆತ್ತಿ, ಮೈಕನ್ನು ಅಂಗೈಯಲ್ಲಿ ಮುಚ್ಚಿ, ಅವಳ ಭಾಷೆಯಲ್ಲೇ ಕೇಳಿದ.

"ಯಾರಿಗೆ?"

"ನಿನಗೆ," ಎಂದಳು.