ತೋರಣಹಾಳದ ಹೆಜ್ಜೆಗೂಟಗಳು

ಬೆಳಗಿನ ಎಂಟು ಗಂಟೆ ಹನ್ನೆರಡು ನಿಮಿಷಕ್ಕೆ ತೋರಣಹಾಳದ ನಾನೂರು ಫೋನುಗಳು ಒಟ್ಟಿಗೇ ಕೂಗಿದವು: "ತೋಳ. ಒಂದು. ಹಳ್ಳದ ಆಚೆ ದಂಡೆ. ಉತ್ತರಕ್ಕೆ ಹೋಗುತ್ತಿದೆ." ಚಹಾದಂಗಡಿಯಲ್ಲಿ ಕೂತವರು ಎದ್ದು ನಿಂತರು. ಶಾಲೆಯವರು ಗೇಟು ಹಾಕಿದರು. ಯಾರೋ ಪಟಾಕಿ ಸರಕ್ಕೆ ಬೆಂಕಿ ಹಚ್ಚಿದರು. ತೋಳ ಆಗ ಊರಿಂದ ಮೂರೂವರೆ ಕಿಲೋಮೀಟರ್ ದೂರದಲ್ಲಿತ್ತು. ಅದೂ ಊರಿಗೆ ಬೆನ್ನು ಹಾಕಿ ನಡೆಯುತ್ತಿತ್ತು.

ಇಷ್ಟನ್ನು ಪತ್ತೆ ಹಚ್ಚಿದ್ದು ಹೆಜ್ಜೆಗೂಟ. ನೋಡಲು ಕುರಿಹಟ್ಟಿಯ ಬಲೆಗೆ ಹೊಡೆಯುವ ಗೂಟದಷ್ಟೇ ಉದ್ದ. ಒಳಗೆ ನೆಲದ ನಡುಕವನ್ನು ಅಳೆಯುವ ಸಂವೇದಕ, ಅದನ್ನು ಓದುವ ಪುಟ್ಟ ಗಣಕ. ತೋಳ ನಡೆಯುವಾಗ ಮುಂಗಾಲು ಇಟ್ಟ ಜಾಗದಲ್ಲೇ ಹಿಂಗಾಲು ಇಡುತ್ತದೆ, ಸಾಲು ನೇರವಾಗಿರುತ್ತದೆ. ನಾಯಿಯ ಹೆಜ್ಜೆ ಅತ್ತಿತ್ತ ಚೆದುರುತ್ತದೆ. ಐವತ್ತು ಮೀಟರಿನೊಳಗೆ ಹಾದುಹೋದದ್ದು ಯಾವ ಪ್ರಾಣಿ ಎಂಬುದನ್ನು ಗೂಟ ತಪ್ಪದೆ ಹೇಳುತ್ತಿತ್ತು. ಒಮ್ಮೆ ಗುರುತಾದ ಹೆಜ್ಜೆಯನ್ನು ಮರೆಯುತ್ತಿರಲಿಲ್ಲ. ಕೊಪ್ಪಳದ ಬಯಲಿನಲ್ಲಿ ಇಂಥ ಎಂಟುನೂರು ಗೂಟಗಳನ್ನು ನೆಡಿಸಿದವರು ಡಾ. ಶಮೀಮ್ ಕುಕನೂರ. ಅದರ ಹಿಂದೆ ಅವರ ಹನ್ನೊಂದು ವರ್ಷಗಳ ದುಡಿಮೆಯಿತ್ತು.

ಗೂಟಗಳು ಮೊದಲ ತಿಂಗಳೇ ಇಪ್ಪತ್ತಮೂರು ತೋಳಗಳನ್ನು ಎಣಿಸಿದವು. "ತೋಳಗಳು ಮರಳಿ ಬಂದವು" ಎಂದು ಪತ್ರಿಕೆಗಳು ಬರೆದವು. ಕುರಿಗಾರ ಮೈಲಾರಪ್ಪ ಅದನ್ನು ಓದಿಸಿಕೊಂಡು, "ಹೋಗಿದ್ದು ಯಾವಾಗ?" ಎಂದು ಕೇಳಿದ್ದ. ಆ ಪ್ರಶ್ನೆ ಯಾವ ಪತ್ರಿಕೆಯಲ್ಲೂ ಬರಲಿಲ್ಲ.

ಶುರುವಿನಲ್ಲಿ ಗೂಟಗಳು ನಾಯಿಗಳಿಗೂ ಕೂಗುತ್ತಿದ್ದವು. ತಲೆನೋವು, ತೋಳಕ್ಕೆ ಮಾತ್ರ ಕೂಗಲಿ ಎಂದು ಪಂಚಾಯ್ತಿ ಠರಾವು ಮಾಡಿತು. ಶಮೀಮ್ ಒಪ್ಪಿಕೊಂಡರು. ಮುಂದೆ ಅವರು ಬಹಳ ಹಳಹಳಿಸಿದ್ದು ಈ ಒಪ್ಪಿಗೆಗಾಗಿ. ಏಕೆಂದರೆ ಊರಿನ ಕುರಿಗಾರರು ಒಂದು ವರ್ಷದಲ್ಲೇ ತಮ್ಮ ಕಾವಲು ನಾಯಿಗಳನ್ನು ಬಿಟ್ಟುಬಿಟ್ಟರು. ಗೂಟ ಕೂಗುವಾಗ ನಾಯಿಗೇಕೆ ದಿನಾ ರೊಟ್ಟಿ? ಮೈಲಾರಪ್ಪನೂ ಒಂಬತ್ತು ವರ್ಷ ಸಾಕಿದ ಸರದಾರನ ಹಗ್ಗ ಬಿಚ್ಚಿದ. ನಾಯಿಗಳಿಗೆ ಹೋಗಲು ಒಂದೇ ಜಾಗವಿತ್ತು: ಹಳ್ಳದ ಪಕ್ಕ, ಪಂಚಾಯ್ತಿ ನೆಲದಲ್ಲಿದ್ದ ಕೋಳಿ ತ್ಯಾಜ್ಯದ ಗುಂಡಿ.

೨೦೫೬ರ ಫೆಬ್ರವರಿಯಲ್ಲಿ ಮೈಲಾರಪ್ಪನ ಹಟ್ಟಿಯಲ್ಲಿ ಹದಿನಾಲ್ಕು ಕುರಿಗಳು ಸತ್ತವು. ಗೂಟ ಕೂಗಿರಲಿಲ್ಲ. ಆದರೂ ಊರು ಒಂದೇ ಬಾಯಲ್ಲಿ ತೋಳ ಎಂದಿತು. ಹಳ್ಳದ ಗವಿಯಲ್ಲಿದ್ದ ತೋಳದ ಜೋಡಿಯನ್ನೂ ಐದು ಮರಿಗಳನ್ನೂ ಹಿಡಿದು, ದೂರದ ಬೇಲಿಯೊಳಗೆ ಹಾಕಬೇಕೆಂದು ಪಂಚಾಯ್ತಿಯಲ್ಲಿ ಸಭೆ ಕರೆಯಲಾಯಿತು. ಊರು ಠರಾವು ಮಾಡಿದರೆ ಸಾಕು, ಹಿಡಿಯಲು ಅರಣ್ಯಾಧಿಕಾರಿ ರಾಠೋಡರ ಬಳಿ ಪಂಜರಗಳು ಸಿದ್ಧವಿದ್ದವು.

"ಆ ದಿನ ಹಟ್ಟಿಯ ಸುತ್ತ ನಾಕು ಕಿಲೋಮೀಟರಿನೊಳಗ ಒಂದು ತೋಳನೂ ಇರಲಿಲ್ಲ," ಎಂದರು ಶಮೀಮ್. "ಬಂದಿದ್ದು ಆರು ನಾಯಿ. ಗೂಟ ಕೂಗಲಿಲ್ಲ, ನೀವೇ ಬ್ಯಾಡ ಅಂದಿದ್ರಿ. ಆದ್ರ ದಾಖಲೆ ಇಟ್ಟೈತಿ."

"ಗೂಟ ಕೆಟ್ಟಿರಬೇಕ್ರಿ ಬಾಯಾರ," ಎಂದರು ಅಧ್ಯಕ್ಷೆ ಗಿರಿಜವ್ವ ಅಂಗಡಿ.

"ಎರಡು ವರ್ಷ ತೋಳ ಅಂದಾಗ ಒಮ್ಮೆನೂ ಕೆಟ್ಟಿರಲಿಲ್ಲ. ನಾಯಿ ಅಂದ ಕೂಡ್ಲೆ ಕೆಟ್ಟೋತೇನು?"

"ಬಾಯಾರಿಗೆ ತೋಳ ತವರುಮನಿ ಕಡೆಯವು!" ಹಿಂದಿನಿಂದ ಯಾರೋ ಕೂಗಿದರು. ಸಭೆ ನಕ್ಕಿತು.

ಗಿರಿಜವ್ವ ನಗಲಿಲ್ಲ. ಮುಂದೆ ಬಾಗಿ ದನಿ ತಗ್ಗಿಸಿದರು. "ಖರೇ ಹೇಳ್ತೀನಿ. ತೋಳ ಸರಕಾರದ್ದು, ಸರಕಾರ ಒಯ್ಯಲಿ. ನಾಯಿ ಅಂದ್ರ ನಮ್ಮ ಕೊರಳಿಗೆ ಬರ್ತೈತಿ. ಆಮ್ಯಾಲ ಗುಂಡಿ ಯಾರದು ಅಂತೀರಿ."

"ಈಗೇ ಅನ್ನಾಕತ್ತೀನಿ," ಎಂದರು ಶಮೀಮ್.

ಅವರು ಫೋನು ತೆಗೆದು, ಗೂಟ ದಾಖಲಿಸಿದ್ದ ಹೆಜ್ಜೆಗಳನ್ನು ಸದ್ದಾಗಿ ಕೇಳಿಸಿದರು. ಮೊದಲು ಗಲಿಬಿಲಿ. ಆಮೇಲೆ ಒಂದೇ ಪ್ರಾಣಿಯ ಹೆಜ್ಜೆಯನ್ನು ಬೇರ್ಪಡಿಸಿದರು. ದುಬ್, ದುಬ್, ದುಬ್, ಒಂದು ಖಾಲಿ. ಮತ್ತೆ ದುಬ್, ದುಬ್, ದುಬ್, ಖಾಲಿ. "ಎಲ್ಲಕ್ಕಿಂತ ಮುಂದಿದ್ದದ್ದು ಇದು. ಮೂರೇ ಕಾಲು ನೆಲಕ್ಕ ಇಡ್ತೈತಿ. ಇಂಥ ತೋಳ ಈ ಬಯಲಾಗ ಇಲ್ಲ."

ಸಭೆಯಲ್ಲಿದ್ದ ಅರ್ಧ ಜನಕ್ಕೆ ಆ ಕುಂಟು ಯಾರದೆಂದು ಗೊತ್ತಿತ್ತು. ಎಲ್ಲರ ಕಣ್ಣು ಮೈಲಾರಪ್ಪನ ಮೇಲೆ. ಅವನು ಬಾಯಿ ಬಿಟ್ಟರೆ ಸರದಾರನನ್ನು ಊರು ಹೊಡೆದುಹಾಕುತ್ತದೆ. ಬಿಡದಿದ್ದರೆ ಗವಿ ಬರಿದಾಗುತ್ತದೆ. ಗಿರಿಜವ್ವ ಠರಾವಿನ ಹಾಳೆಯನ್ನು ಮುಂದೆ ತಳ್ಳಿದರು.

ಮೈಲಾರಪ್ಪ ಎದ್ದ.

"ನನ್ನ ನಾಯಿ ಅದು. ಎಡಗಾಲು ಟ್ರ್ಯಾಕ್ಟರ್ ಗಾಲಿಗೆ ಸಿಕ್ಕಿತ್ತು. ಈ ಸಪ್ಪಳ ಕೇಳ್ಕೋತನ ಒಂಬತ್ತು ವರ್ಷ ಹಟ್ಟ್ಯಾಗ ಮಲಗೀನಿ. ನನಗ ತಿಳೀದೇನು?"

"ಹಂಗಾದ್ರ ಮೊದಲ ಅದನ್ನ ಹೊಡೀರಿ!" ಎಂಬ ಕೂಗು ಎದ್ದಿತು.

"ಹೊಡೀರಿ. ಅದಕ್ಕೂ ಮೊದಲ ನನ್ನ ಹೊಡೀರಿ. ಅದರ ರೊಟ್ಟಿ ಕಸಗೊಂಡಾಂವ ನಾನು. ನೀವು ಎಷ್ಟು ಮಂದಿ ಕಸಗೊಂಡೀರಿ, ಲೆಕ್ಕ ಹೇಳ್ಲೇನು?"

ಆ ಲೆಕ್ಕ ಯಾರಿಗೂ ಬೇಕಿರಲಿಲ್ಲ. ರಾಠೋಡರು ತೋಳ ಹಿಡಿಯುವುದನ್ನು ಮೂರು ತಿಂಗಳು ಮುಂದೂಡಿದರು. ಅಲ್ಲಿಯವರೆಗೆ ಗೂಟಗಳು ನಾಯಿಗಳಿಗೂ ಕೂಗಲಿ, ಯಾವುದು ಎಷ್ಟು ಬರುತ್ತದೆಂದು ಊರೇ ನೋಡಲಿ ಎಂದರು. "ಆಗಲಿ, ನೋಡೇಬಿಡೂಣು," ಎಂದರು ಗಿರಿಜವ್ವ.

ಮರುದಿನ ಸಂಜೆಯೊಳಗೆ ಗೂಟಗಳು ಮುನ್ನೂರ ಹನ್ನೆರಡು ಸಲ ಕೂಗಿದವು. ಎಲ್ಲವೂ ನಾಯಿ. ಮೂರನೆಯ ದಿನ ಇನ್ನೂರು ಜನರ ಸಹಿಯಿದ್ದ ಅರ್ಜಿ ಬಂತು: ಈ ಕೂಗಾಟ ನಿಲ್ಲಿಸಿ. ಅದೇ ಮೂರು ದಿನಗಳಲ್ಲಿ ತೋಳ ಎರಡು ಸಲ ಹಳ್ಳ ದಾಟಿತ್ತು. ನಾಯಿಗಳ ಗದ್ದಲದಲ್ಲಿ ಅದನ್ನು ಯಾರೂ ಗಮನಿಸಲಿಲ್ಲ. ಪಟಾಕಿ ಹಾರಲಿಲ್ಲ, ಶಾಲೆಯ ಗೇಟು ಮುಚ್ಚಲಿಲ್ಲ, ಕುರಿ ಸಾಯಲಿಲ್ಲ.

ಅರ್ಜಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಶಮೀಮ್ ಗುಂಡಿಯ ಹತ್ತಿರ ಹೋದರು. ಮೈಲಾರಪ್ಪ ಆಗಲೇ ಅಲ್ಲಿದ್ದ. ಕೈಯಲ್ಲಿ ಹಗ್ಗ, ಅಂಗೈಯಲ್ಲಿ ಜೋಳದ ರೊಟ್ಟಿ. ಅವನು ಸಿಳ್ಳೆ ಹಾಕಿದ. ಗರಿ, ಕರುಳುಗಳ ರಾಶಿಯ ಹಿಂದೆ ನಲವತ್ತು ತಲೆಗಳು ಎದ್ದವು. ಒಂದು ಮಾತ್ರ ಕುಂಟುತ್ತಾ ಹೊರಬಂತು.

"ಕುರಿಯ ರುಚಿ ಕಂಡೈತಿ, ಕಾಕಾ."

"ಗೊತ್ತೈತ್ರಿ. ಕುರಿ ಹತ್ರ ಬಿಡೂದಿಲ್ಲ. ಕಟ್ಟಿ ಹಾಕ್ತೀನಿ. ಬೊಗಳಿದ್ರ ಸಾಕು." ಅವನು ಅದರ ಕೊರಳಿಗೆ ಹಗ್ಗ ಬಿಗಿದ. ಉಳಿದ ತಲೆಗಳು ಮತ್ತೆ ರಾಶಿಯೊಳಗೆ ಇಳಿದವು.

"ಹನ್ನೊಂದು ವರ್ಷ ದುಡಿದು ಮಾಡಿದ ಯಂತ್ರ," ಶಮೀಮ್ ಮೂಗಿಗೆ ಸೆರಗು ಹಿಡಿದು ಹೇಳಿದರು. "ಕಡೀಕ ಅದು ಹೇಳಿದ್ದು ಒಂದೇ ಮಾತು, ಈ ಗುಂಡಿ ಮುಚ್ರಿ ಅಂತ."

"ಅದಕ್ಕ ಯಂತ್ರ ಯಾಕ ಬೇಕಿತ್ತು ತಾಯಿ? ಮೂಗು ಸಾಕಿತ್ತು."

ಅವರಿಗೆ ಸಿಟ್ಟು ಬಂತು. ಯಾರ ಮೇಲೆಂದು ತಿಳಿಯಲಿಲ್ಲ. "ಇದನ್ನ ತೋಡಿದ್ದು ಯಾವಾಗ?"

ಮೈಲಾರಪ್ಪ ಸರದಾರನಿಗೆ ರೊಟ್ಟಿಯ ಚೂರು ಮುರಿದು ಹಾಕುತ್ತಾ ನೆನಪು ಮಾಡಿಕೊಂಡ. "ನನ್ನ ಮದುವಿ ಆದ ವರ್ಷ. ಎರಡು ಸಾವಿರದ ಇಪ್ಪತ್ತಾರು. ಆಗ ಇಲ್ಲಿ ನಾಕು ನಾಯಿ ಬರ್ತಿದ್ದವು. ನಾನೂ ನೋಡೀನಿ, ಎಲ್ಲಾರೂ ನೋಡ್ಯಾರ. ನಾಕೇ ನಾಯಿ, ಏನಾಗ್ತೈತಿ ಅಂದ್ವಿ."