ಕಂಬಳಿಯ ಮೇಲೆ ಕೊಟ್ಟ ಮಾತು

೧೯೬೩ರ ಫೆಬ್ರುವರಿ, ಶುಕ್ರವಾರ ಬೆಳಿಗ್ಗೆ. ಗೋಕಾಕ ಠಾಣೆಗೆ ಸಾಹಿತ್ಯ ಸಂಘದ ಕಾರ್ಯದರ್ಶಿ ಶೆಟ್ಟೆಪ್ಪ ಧೋತರದ ಚುಂಗು ನೆಲಕ್ಕೆ ಎಳೆಯುತ್ತ ಓಡಿಬಂದರು.

“ಫೌಜದಾರ ಸಾಹೇಬರ, ಸಂಘದ ಕಪಾಟು ಖಾಲಿ ಐತ್ರಿ. ಕಣಗಲಿಯವರ ಹೊಸ ಕಾದಂಬರಿ ಒಂದೂ ಉಳದಿಲ್ಲ.”

ಫೌಜದಾರ ಕೇದಾರಿ ಚಹಾದ ಕಪ್ಪು ಕೆಳಗಿಟ್ಟರು. ನವ್ಯ ಕಾದಂಬರಿಕಾರ ಅಣ್ಣಪ್ಪ ಕಣಗಲಿ ಎಂದರೆ ಗೋಕಾಕದಿಂದ ಹುಕ್ಕೇರಿವರೆಗೆ ಓದುವವರಿಗೆಲ್ಲ ಮನೆಯ ಮಗನಿದ್ದ ಹಾಗೆ. ರವಿವಾರ ಅವರಿಗೆ ಸನ್ಮಾನ, ಜೊತೆಗೆ ಪುಸ್ತಕದ ಬಿಡುಗಡೆ. ಅಚ್ಚಾದ ಪ್ರತಿಗಳೆಲ್ಲ ಧಾರವಾಡದಿಂದ ನೇರ ಸಂಘಕ್ಕೇ ಬಂದಿದ್ದವು. ಮುಂದಿನ ಸಾಲಿನಲ್ಲಿ ಕೂರಲು ಕೇದಾರಿ ಇಸ್ತ್ರಿ ಅಂಗಿಯನ್ನೂ ತೆಗೆದಿಟ್ಟಿದ್ದರು. ಪೊಲೀಸನಿಗೆ ಕಾದಂಬರಿಯ ಹುಚ್ಚೇ ಎಂದು ನಗುವವರಿದ್ದರು. ಇತ್ತು, ಅದರಲ್ಲಿ ನಾಚಿಕೆಯೇನು?

ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್ ಯಲ್ಲಾರಿಯೊಂದಿಗೆ ಸ್ಥಳ ಪಂಚನಾಮೆಗೆ ಹೋದರು. ಬೀಗ ಮುರಿದಿರಲಿಲ್ಲ.

“ಕೀಲಿಕೈ ಯಾರ ಹತ್ರ?”

“ಒಂದು ನನ್ನ ಉಡದಾರಕ್ಕ ಐತ್ರಿ. ಇನ್ನೊಂದು ಅಧ್ಯಕ್ಷ ಮಾಲಿಂಗಪ್ಪ ಮಾಸ್ತರ ಹತ್ರ.”

ಕಪಾಟಿನ ಹಲಗೆಗೆ ಕರಿ ಉಣ್ಣೆಯ ಎಳೆಗಳು ಅಂಟಿದ್ದವು. ಅಂಟು ಇನ್ನೂ ಹಸಿಯಾಗಿತ್ತು. ಹುಣಸೆ ಬೀಜದ ಗಂಜಿ. ಹೊಸ ಕಂಬಳಿ ಬಿರುಸಾಗಲೆಂದು ನೇಯ್ದವರು ಬಳಿಯುವುದು ಅದನ್ನೇ. ಒಣಗದ ಕಂಬಳಿಯಲ್ಲಿ ಗಂಟು ಕಟ್ಟಿದವನ ಮನೆಯಲ್ಲಿ ಮಗ್ಗ ಇರಲೇಬೇಕು. ಕೊಣ್ಣೂರಿನ ಮಾಲಿಂಗಪ್ಪ ಮಾಸ್ತರ ಮನೆಯಲ್ಲಿ ಇತ್ತು. ಸಂಘ ಕಟ್ಟಿದವರೇ ಅವರು. ತನ್ನ ಲೆಕ್ಕ ತಪ್ಪಾಗಲಿ ಎಂದು ಕೇದಾರಿ ದಾರಿಯುದ್ದಕ್ಕೂ ದೇವರನ್ನು ಬೇಡಿಕೊಂಡರು.

ತಪ್ಪಾಗಲಿಲ್ಲ. ಪಂಚರೆದುರು ಮಗ್ಗದ ಗುಂಡಿಯಿಂದ ಗಂಟು ಹೊರಬಂತು. ಒಂದು ಹಾಳೆಯೂ ಮಡಿಚಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

“ಯಾಕ ಮಾಸ್ತರ? ಮಾರಾಕ?”

“ಸುಡಾಕ ತಂದಿದ್ದೆರಿ. ಪುಸ್ತಕಕ್ಕ ಬೆಂಕಿ ಹಚ್ಚಾಕ ಕೈ ಬರಲಿಲ್ಲ.”

ಕೇದಾರಿ ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದರು. “ಹೇಳ್ರಿ.”

“ಹೋದ ವರ್ಷ ಕಣಗಲಿಯವರನ್ನ ನಾನ ಈ ಮನಿಗಿ ಕರಕೊಂಡು ಬಂದಿದ್ದೆ. ನಮ್ಮ ಅಕ್ಕ ರಾಯವ್ವನೂ ಮೂಡಲಗಿಯಿಂದ ಬಂದಿದ್ಲು. ಅಕೀ ಹಿರಿಮಗ ಗಂಡಂದಲ್ಲ. ಅದು ನಮ್ಮಿಬ್ಬರನ್ನ ಬಿಟ್ರ ಯಾರಿಗೂ ಗೊತ್ತಿಲ್ರಿ. ಅವರ ಮುಂದ ಅತ್ತು ಹೇಳಿದ್ಲು. ಹೊರಗ ಬಿಡಂಗಿಲ್ಲಂತ ಅವರು ಕಂಬಳಿ ಮ್ಯಾಲ ಕುಂತು ಮಾತು ಕೊಟ್ರು. ಕಂಬಳಿ ಮ್ಯಾಲಿನ ಮಾತು ನಮಗ ದೇವರ ಮಾತು.”

“ಮುಂದ?”

“ಭಾಷಣಕ್ಕಂತ ಒಂದು ಪುಸ್ತಕ ತಂದು ಓದಿದೆ. ಎಲ್ಲಾ ಅಕ್ಕನ ಕಥಿನ. ಊರು ಮೂಡಲಗಿನ. ಹುಡುಗನ ಹಣಿ ಮ್ಯಾಲಿನ ಸುಟ್ಟ ಕಲಿ ಸೈತ ಬಿಟ್ಟಿಲ್ಲ. ಹೆಸರೊಂದ ಬ್ಯಾರೆ. ಇದು ಹೊರಗ ಬಿದ್ರ ಅಕ್ಕನ ಗಂಡ ಅಕೀನ್ನ ಮನಿಯಿಂದ ಹೊರಗ ಹಾಕತಾನ್ರಿ.”

ಮಾಸ್ತರನ್ನು ಠಾಣೆಗೆ ಕಳಿಸಿ, ಕೇದಾರಿ ಕಣಗಲಿಯವರು ಇಳಿದಿದ್ದ ಪ್ರವಾಸಿ ಬಂಗಲೆಗೆ ಹೋದರು. ಎಂದಾದರೂ ಅವರೆದುರು ಕೂತು ಮಾತಾಡಬೇಕೆಂಬ ಆಸೆ ಬಹಳ ದಿನದ್ದು.

“ರಾಯವ್ವಗ ಮಾತು ಕೊಟ್ಟಿದ್ರೇನ್ರಿ?”

ಕಣಗಲಿ ನಕ್ಕರು. “ಕೊಟ್ಟಿರಬೇಕು. ಬರಿಯೂವಾಗ ಅದೆಲ್ಲಿ ನೆನಪಿರತೈತಿ? ಪುಸ್ತಕದ ಜೀವಾನ ಅಕೀ ಕಥಿ.”

“ಊರ ಹೆಸರರೆ ಬದಲ ಮಾಡ್ರಿ.”

“ಒಂದಕ್ಷರ ಬದಲ ಮಾಡಂಗಿಲ್ಲ. ನೀವು ಪುಸ್ತಕ ಕೊಡದಿದ್ರ ಮತ್ತೊಮ್ಮೆ ಅಚ್ಚ ಹಾಕಸ್ತೇನಿ.”

ಉಂಡ ಮನೆಯ ಜಂತೆ ಎಣಿಸುವ ಜನರನ್ನು ಕೇದಾರಿ ನೌಕರಿಯುದ್ದಕ್ಕೂ ಕಂಡಿದ್ದರು. ಅವರ ಪೈಕಿ ಒಬ್ಬನನ್ನು ಇಷ್ಟು ದಿನ ತಾವೇ ಪೂಜಿಸಿದ್ದರು. ಠಾಣೆಗೆ ಮರಳಿ ಪುಸ್ತಕಗಳಿಗೆ ಮೊಹರು ಹಾಕಿ, ಕೇಸಿನ ಸಾಕ್ಷ್ಯವೆಂದು ಮುದ್ದೆಮಾಲಿನ ಕೋಣೆಯಲ್ಲಿ ಇಡಿಸಿದರು. ಕೋರ್ಟಿನ ಹುಕುಂ ಬರುವ ತನಕ ಅವು ಯಾರಿಗೂ ಸಿಗುವಂತಿರಲಿಲ್ಲ. ಅಷ್ಟು ದಿನವಾದರೂ ರಾಯವ್ವನ ಸಂಸಾರ ನಡೆದೀತು.

“ಕಾರಣ ಏನಂತ ಬರಕೊಳ್ಳಲಿ, ಮಾಸ್ತರ?”

“ಹೊಟ್ಟಿಕಿಚ್ಚು ಅಂತ ಬರೀರಿ. ಖರೆ ಬರದ್ರ ಅಕ್ಕನ ಹೆಸರು ಕೋರ್ಟಿನ್ಯಾಗ ಓದತಾರ.”

ಕೇದಾರಿ ಹಾಗೆಯೇ ಬರೆದು ದಸ್ತಗಿರಿ ಮಾಡಿದರು. ರವಿವಾರ ಸಭೆಯಲ್ಲಿ ಕಣಗಲಿ ಮಾಲಿಂಗಪ್ಪನನ್ನು ಕ್ಷಮಿಸಿದ್ದೇನೆ ಎಂದರಂತೆ. ಜನ ಬಹಳ ಹೊತ್ತು ಚಪ್ಪಾಳೆ ತಟ್ಟಿದರಂತೆ. ಕೇದಾರಿ ಹೋಗಿರಲಿಲ್ಲ.

ಸೋಮವಾರ ರಾಯವ್ವ ಮೂಡಲಗಿಯಿಂದ ರೊಟ್ಟಿ ಕಟ್ಟಿಕೊಂಡು ಠಾಣೆಗೆ ಬಂದಳು. ತಮ್ಮನ ಮುಖ ನೋಡಲೂ ಅವಳಿಗೆ ನಾಚಿಕೆಯಾಗಿತ್ತು.

“ನನ್ನ ದುಃಖಾ ಕೇಳಿ ಕಣ್ಣೀರ ಹಾಕಿದ ಮನುಷ್ಯಾ ಅವರು. ಅಂಥವರ ಮ್ಯಾಲ ಹೊಟ್ಟಿಕಿಚ್ಚ ಪಟ್ಟೆಲ್ಲೋ ತಮ್ಮಾ.”

ಮಾಲಿಂಗಪ್ಪ ಸರಳಿನ ಆಚೆಯಿಂದ ಬುತ್ತಿ ತೆಗೆದುಕೊಂಡ.

“ತಪ್ಪಾತಬೇ ಅಕ್ಕಾ,” ಎಂದ.